ರಾಡ್ ಜಿಗ್ ಇಟ್ಕೊಂಡು ಚಾಕುಗೆ ಕಾನ್ವೆಕ್ಸ್ ಎಡ್ಜ್ ಕೊಡೋಕಾಗುತ್ತಾ?

ಆಗುತ್ತೆ, ಆದ್ರೆ ಜಿಗ್ ಒಂದರಿಂದ್ಲೇ ಆಗಲ್ಲ. ಕಾನ್ವೆಕ್ಸ್ ಎಡ್ಜ್ ಅಂದ್ರೆ ಪಕ್ಕಗಳು ಚಪ್ಪಟೆ ಇಲ್ಲದೆ ಸ್ವಲ್ಪ ಹೊರಕ್ಕೆ ಉಬ್ಬಿ ಬಾಯಿಗೆ, ಅಂದ್ರೆ ಕತ್ತರಿಸೋ ಅಂಚಿಗೆ, ಬಂದು ಸೇರೋದು. ಮುಕ್ಕಾಲು ಕೆಲಸ ಜಿಗ್ ಮಾಡುತ್ತೆ, ಉಳಿದ ಕಾಲುಭಾಗ ವಾಟರ್ ಪೇಪರ್ (ನೀರು ಹಾಕಿ ಉಜ್ಜೋ ಮರಳು ಕಾಗದ) ಮೇಲೆ ಕೈಯಲ್ಲೇ ಮಾಡ್ಬೇಕು. ನೀವು ಬರೆದಿರೋ ಪ್ರಕಾರ ನಿಮ್ಮ ಹತ್ರ ಇರೋದು ರಾಡಿಗೆ ಕಲ್ಲು ಸಿಗಿಸಿ ಮಸೆಯೋ ಗೈಡೆಡ್ ಜಿಗ್, ಚಾಕು ಟ್ರೆಕ್ಕಿಂಗಿಗೆ ಒಯ್ಯೋ 4 ಮಿಮೀ ದಪ್ಪದ್ದು, ಕೆಲಸ ಸಣ್ಣ ಸೌದೆ ಸೀಳೋದು, ಬಿದಿರು ಕೆತ್ತೋದು, ಎಷ್ಟು ಮಸೆದ್ರೂ ಚಪ್ಪಟೆ ಬೆವೆಲ್ಲೇ (ಬಾಯಿ ಪಕ್ಕ ಮಸೆದು ಬರೋ ಇಳಿಜಾರು) ಬರ್ತಿದೆ ಅಂತ. ಅದು ಚಪ್ಪಟೆ ಬರಲೇಬೇಕು. ಅಲಗು ಅಲ್ಲಾಡದ ಹಾಗೆ ಕೂತಿದೆ, ರಾಡು ಒಂದೇ ಜಾಗದಲ್ಲಿ ತಿರುಗುತ್ತೆ, ಹಾಗಾಗಿ ಕಲ್ಲು ಪ್ರತಿ ಸಲಾನೂ ಅದೇ ಆಂಗಲ್‌ಗೆ ಬಂದು ಬೀಳುತ್ತೆ, ಆ ಜಿಗ್ ಇರೋದೇ ಅದಕ್ಕೆ.

ಮಸೆಯೋಕೆ ಮುಂಚೆ ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳಿ, ಇದರಲ್ಲೇ ತುಂಬಾ ಜನ ಎಡವೋದು. ಕಾನ್ವೆಕ್ಸ್ ಎಡ್ಜ್ ಗಟ್ಟಿ ಅಂತ ಕೆಲವರು ಹೇಳ್ತಾರೆ, ಇಲ್ಲ ಅದು ತೆಳು, ಚೆನ್ನಾಗಿ ಒಳಗೆ ಇಳಿಯುತ್ತೆ ಅಂತ ಇನ್ನು ಕೆಲವರು. ಇಬ್ಬರು ಹೇಳೋದೂ ನಿಜಾನೇ, ಯಾವುದರ ಜೊತೆ ಹೋಲಿಸ್ತಿದಾರೆ ಅನ್ನೋದಷ್ಟೇ ಬೇರೆ. ಒಂದೊಂದು ಕಡೆಗೂ 15 ಡಿಗ್ರಿ ಚಪ್ಪಟೆ ಬೆವೆಲ್ ಇರೋ ಚಾಕುನ ತುದೀಲಿ ಮಾತ್ರ 20ಕ್ಕೆ ದುಂಡಗೆ ಮಾಡಿದ್ರೆ ಬಾಯಿ ಗಟ್ಟಿಯಾಗುತ್ತೆ. ಅದೇ 20 ಡಿಗ್ರಿ ಚಪ್ಪಟೆ ಬೆವೆಲ್‌ನ ತುದಿ ಹಾಗೇ ಬಿಟ್ಟು, ಹಿಂದಿನ ಭುಜ ಇದೆಯಲ್ಲ, ಅಂದ್ರೆ ಬೆವೆಲ್ ಮುಗಿದು ಅಲಗಿನ ಪಕ್ಕ ಶುರುವಾಗೋ ಏಣು, ಅದನ್ನ ಸವೆಸಿ ದುಂಡು ಮಾಡಿದ್ರೆ ಬಾಯಿ ಮೊದಲಿನಷ್ಟೇ ಗಟ್ಟಿ ಇರುತ್ತೆ, ಮರದೊಳಗೆ ಇಳಿಯುವಾಗ ಮಾತ್ರ ತಡೆ ಕಮ್ಮಿ ಆಗುತ್ತೆ. ನಿಮ್ಮ ಕೆಲಸಕ್ಕೆ ಬೇಕಾಗಿರೋದು ಈ ಎರಡನೇದು. ಸ್ಟೀಲ್ ತೆಗೆಯೋಕೆ ಆಗುತ್ತೆ, ಸೇರಿಸೋಕೆ ಆಗಲ್ಲ, ಆದ್ದರಿಂದ ಎಲ್ಲಿಂದ ತೆಗೀತಿದೀವಿ ಅನ್ನೋದೇ ಇಲ್ಲಿ ಪೂರ್ತಿ ಲೆಕ್ಕ. ಭುಜ ಮುಟ್ಟದೆ ಬರೀ ತುದಿ ಮಾತ್ರ ಉಜ್ಜಿ ದುಂಡು ಮಾಡಿದ್ರೆ ಅದನ್ನ ಕಾನ್ವೆಕ್ಸ್ ಅಂತ ನಾನಂತೂ ಒಪ್ಪಲ್ಲ, ಅದು ಮೊಂಡಾಗಿರೋ ಚಾಕು ಅಷ್ಟೇ.

ಈಗ ಜಿಗ್ ಕೆಲಸ. ಮಾರ್ಕರ್ ಪೆನ್ ತಗೊಂಡು ಬೆವೆಲ್‌ಗೆ ಪೂರ್ತಿ ಮಸಿ ಬಳೀರಿ, 20 ಡಿಗ್ರಿಗೆ ಇಟ್ಟು ಆ ಕಡೆ ಬರ್ ಏಳೋ ತನಕ ಮಸೀರಿ. ಬರ್ ಅಂದ್ರೆ ಬೆನ್ನಿನ ಕಡೆಯಿಂದ ಬಾಯಿ ಕಡೆಗೆ ಹೆಬ್ಬೆರಳು ಸವರಿದಾಗ ಸಿಗೋ ಸಣ್ಣ ತರಿ, ಹಿಡಿಯಿಂದ ಚಾಕುವಿನ ಮೊನೆವರೆಗೂ ಸಿಗಬೇಕು, ಮಧ್ಯ ಎಲ್ಲೂ ತಪ್ಪಬಾರದು. ಎರಡೂ ಕಡೆ ಆದ್ಮೇಲೆ ಮತ್ತೆ ಮಸಿ ಬಳಿದು 17ಕ್ಕೆ ಇಳಿಸಿ. ಈ ಸಲ ಬಾಯಿವರೆಗೂ ಹೋಗ್ಬಾರ್ದು, ತುದೀಲಿ ಒಂದು ಕಪ್ಪು ಗೆರೆ ಕೂದಲಿನಷ್ಟಾದ್ರೂ ಉಳಿದಿರಬೇಕು, ಅದು ಅಳಿಸಿ ಹೋಯ್ತು ಅಂದ್ರೆ ನೀವು 20ರ ಬೆವೆಲ್‌ನೇ ತಿಂದುಬಿಟ್ರಿ ಅಂತ. ಆಮೇಲೆ 14, ಅದು ಬರೀ ಭುಜಕ್ಕೆ. ಹೀಗೆ ಮೂರು ಮಟ್ಟ ಬಿದ್ರೆ ಸಾಕು, ಒಂದೊಂದು ಡಿಗ್ರಿಗೂ ಸ್ಕ್ರೂ ತಿರುಗಿಸಿ ಆರೇಳು ಮಟ್ಟ ಮಾಡೋದರಲ್ಲಿ ನನಗೇನೂ ಲಾಭ ಕಾಣಲ್ಲ, ಮುಂದಿನ ಹಂತದಲ್ಲಿ ಹೇಗೂ ಎಲ್ಲಾ ಕರಗಿ ಒಂದಾಗುತ್ತೆ.

ಎಷ್ಟು ತೆಗೀಬೇಕು ಅಂತ ಅಂದಾಜು ಬೇಕಾದ್ರೆ, ಬೆವೆಲ್ ಶುರುವಾಗೋ ಜಾಗದಲ್ಲಿ ಅಲಗಿನ ದಪ್ಪ 0.7 ಮಿಮೀ ಇದೆ ಅಂದ್ಕೊಳ್ಳಿ, 20 ಡಿಗ್ರಿಲಿ ಒಂದು ಕಡೆಯ ಬೆವೆಲ್ ಅಗಲ ಹೆಚ್ಚುಕಮ್ಮಿ 1 ಮಿಮೀ, 15ರಲ್ಲಿ 1.35 ಮಿಮೀ. ಅಷ್ಟು ಸಣ್ಣ ಜಾಗದಲ್ಲಿ ನಡೀತಿರೋ ಕೆಲಸ ಇದು, ಅದಕ್ಕೇ ಮಾರ್ಕರ್ ಬಿಡ್ಬೇಡಿ ಅನ್ನೋದು. ನಿಮ್ಮ ಜಿಗ್ ಎಡ್ಜ್ ಪ್ರೊ ಥರ ಕಂಬದ ಮೇಲೆ ರಾಡ್ ಏರಿಸಿ ಇಳಿಸೋದಾದ್ರೆ, ಕಂಬದಿಂದ ಚಾಕು ಬಾಯಿಗೆ 20 ಸೆಂಮೀ ದೂರ ಇದ್ರೆ ಒಂದು ಡಿಗ್ರಿಗೆ ಮೂರೂವರೆಯಿಂದ ನಾಲ್ಕು ಮಿಮೀ ಏರಿಳಿಸ್ಬೇಕು. ಕಲ್ಲಿನ ದಪ್ಪನೂ ನೋಡ್ಕೊಳ್ಳಿ, ಹೊಸ ಕಲ್ಲು 4 ಮಿಮೀ ಜಾಸ್ತಿ ದಪ್ಪ ಇದ್ರೆ ನಿಮಗೆ ಗೊತ್ತಿಲ್ಲದೇನೇ ಒಂದು ಡಿಗ್ರಿ ಬದಲಾಗಿರುತ್ತೆ. ಲ್ಯಾನ್ಸ್ಕಿ ಥರ ಕ್ಲಾಂಪ್ ಆದ್ರೆ 17, 20, 25, 30 ಅಂತ ನಾಲ್ಕೇ ತೂತು ಇರುತ್ತೆ, ಅದರಲ್ಲಿ 25ನ್ನ ಬಾಯಿಗೆ, 20 ಮತ್ತು 17ನ್ನ ಹಿಂದಕ್ಕೆ ಇಟ್ಕೊಳ್ಳಿ, ಸೌದೆ ಚಾಕುಗೆ ಅದು ಧಾರಾಳ ಆಯ್ತು.

ಇನ್ನು ಕೈಯಲ್ಲಿ ಮಾಡೋ ಕಾಲುಭಾಗ, ಅದಕ್ಕೆ ಮೌಸ್‌ಪ್ಯಾಡ್. ಹಳೇ ರಬ್ಬರ್ ಮೌಸ್‌ಪ್ಯಾಡ್ ಮೇಲೆ ಪೇಂಟ್ ಅಂಗಡೀಲಿ ಸಿಗೋ ಕಪ್ಪು ವಾಟರ್ ಪೇಪರ್ ಹಾಸಿ, ನೀರು ಚಿಮುಕಿಸಿ, ಮೊದಲು 400 ಗ್ರಿಟ್, ಆಮೇಲೆ 800, 1500, ಕೊನೇಗೆ 2000 (ನಂಬರ್ ಜಾಸ್ತಿ ಆದಷ್ಟೂ ಪೇಪರ್ ನುಣುಪು). ಚಾಕುನ ಬೆನ್ನು ಮುಂದೆ ಮಾಡಿ ಎಳೀಬೇಕು, ಬಾಯಿ ಹಿಂದೆ ಬರಬೇಕು, ಬಾಯಿ ಮುಂದಿಟ್ಟು ತಳ್ಳಿದ್ರೆ ಪೇಪರ್ ಸೀಳುತ್ತೆ, ರಬ್ಬರೂ ಸೀಳುತ್ತೆ. ಒತ್ತಿದಾಗ ರಬ್ಬರ್ ಕುಗ್ಗಿ ಪೇಪರ್ ಅಲಗಿನ ಸುತ್ತ ಸ್ವಲ್ಪ ಮೇಲಕ್ಕೆ ಬಾಗುತ್ತೆ, ಆ ಬಾಗೋದೇ ಮೂರು ಮಟ್ಟದ ಏಣುಗಳನ್ನ ಸವೆಸಿ ಒಂದು ಕರ್ವ್ ಮಾಡೋದು. ಆದ್ರೆ ಅದೇ ಬಾಗು ಬಾಯಿಗೂ ಬಂದು ತಾಗುತ್ತೆ, ಜೋರಾಗಿ ಒತ್ತಿದ್ರೆ ನೀವು ಕಷ್ಟಪಟ್ಟು ತಂದಿರೋ 20 ಡಿಗ್ರಿ ತುದಿ 25, 30 ಆಗಿ ಕೂರುತ್ತೆ. ಹಾಗಾಗಿ ಚಾಕುನ ತುಂಬಾ ಮಲಗಿಸಿ ಹಿಡೀರಿ, ಹತ್ತು ಹನ್ನೆರಡು ಡಿಗ್ರಿಗೆ, ಚಾಕು ಭಾರನೇ ಸಾಕು, ಬೆರಳು ಸುಮ್ನೆ ದಾರಿ ತೋರಿಸ್ತಾ ಇದ್ರೆ ಆಯ್ತು. ಎಳೆದು ನಿಲ್ಲಿಸಿದ ಮೇಲೆ ಎತ್ತಿ, ಎಳೀತಾ ಎಳೀತಾ ಮಣಿಕಟ್ಟು ತಿರುಗಿಸಿ ಎತ್ತಿದ್ರೆ ಪ್ರತಿ ಎಳೆತದ ಕೊನೇಲೂ ಬಾಯಿ ದುಂಡಾಗ್ತಾ ಹೋಗುತ್ತೆ. ಐದಾರು ಎಳೆತಕ್ಕೊಮ್ಮೆ ಟ್ಯೂಬ್‌ಲೈಟ್ ಕೆಳಗೆ ಅಲಗನ್ನ ನಿಧಾನಕ್ಕೆ ಓರೆ ಮಾಡಿ ನೋಡಿ. ಮಟ್ಟಗಳು ಇನ್ನೂ ಇದ್ರೆ ಬೆಳಕು ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಟಕ್ ಅಂತ ಹಾರುತ್ತೆ, ಸೇರಿಕೊಂಡಿದ್ರೆ ಬೆಳಕು ತಡೆಯಿಲ್ಲದೆ ಜಾರಿಕೊಂಡು ಹೋಗುತ್ತೆ. ಹಾಗೆ ಜಾರ್ತಿದೆ ಅಂದ ತಕ್ಷಣ ಆ ಗ್ರಿಟ್ ನಿಲ್ಲಿಸಿ ಮುಂದಿನದಕ್ಕೆ ಹೋಗಿ.

ಮೌಸ್‌ಪ್ಯಾಡ್ ತುಂಬಾ ಮೆತ್ತಗಿದ್ರೆ 800 ಆದ್ಮೇಲೆ ಪೇಪರನ್ನ ದಪ್ಪ ಚರ್ಮದ ಮೇಲೆ ಹಾಕ್ಕೊಳ್ಳಿ, ಅಡಿಯಲ್ಲಿರೋದು ಗಟ್ಟಿ ಆದಷ್ಟೂ ದುಂಡು ಕಮ್ಮಿ. ಕೊನೇಗೆ ಹಳೇ ಲೆದರ್ ಬೆಲ್ಟನ್ನ ಹಲಗೆಗೆ ಅಂಟಿಸಿ ಹಸಿರು ಕ್ರೋಮಿಯಂ ಆಕ್ಸೈಡ್ ಪೇಸ್ಟ್ ಹಚ್ಚಿ ಎರಡೂ ಕಡೆ ಹಗುರಾಗಿ ಎಳೆದ್ರೆ ಉಳಿದಿರೋ ಬರ್ ಹೋಗುತ್ತೆ. ನ್ಯೂಸ್‌ಪೇಪರ್ ಹಾಳೆ ಕತ್ತರಿಸಿ ನೋಡಿ, ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಆ ಜಾಗದಲ್ಲಿ ಸಾಮಾನ್ಯವಾಗಿ ಬರ್ ಇನ್ನೂ ಇದೆ ಅಂತ ಅರ್ಥ, ಮತ್ತೆ ಬೆಲ್ಟಿಗೆ ಹೋಗಿ, ಕಲ್ಲಿಗೆ ಹೋಗ್ಬೇಡಿ.

ಬೆಲ್ಟ್ ಮಷೀನ್ (ತಿರುಗೋ ಮರಳು ಪಟ್ಟಿ ಮೇಲೆ ಮಸೆಯೋದು) ತಗೊಳ್ಲಾ ಅಂತಾನೂ ಕೇಳಿದೀರಿ. ವರ್ಕ್ ಶಾರ್ಪ್ ಥರದ್ದರಲ್ಲಿ ಬೆಲ್ಟು ತಾನೇ ಬಾಗೋದ್ರಿಂದ ಕಾನ್ವೆಕ್ಸ್ ಸಲೀಸಾಗಿ ಬರುತ್ತೆ, ಹತ್ತು ಚಾಕು ಇದ್ರೆ ತಗೊಳ್ಳಿ, ಒಂದಕ್ಕೆ ಬೇಡ. ಮಷೀನಲ್ಲಿ ಭಯ ಬಿಸಿದು. ಬಾಯಿ ತೆಳು ಇರೋದ್ರಿಂದ ಬೇಗ ಕಾಯುತ್ತೆ, ಕಾರ್ಬನ್ ಸ್ಟೀಲ್ ನೀಲಿ ಬಣ್ಣಕ್ಕೆ ತಿರುಗ್ತು ಅಂದ್ರೆ 300 ಡಿಗ್ರಿ ಆಸುಪಾಸು ಹೋಗಿದೆ, ಅಲ್ಲಿ ಹದ ಇಳಿದು ಹೋಗಿರುತ್ತೆ, ಆ ಭಾಗ ಸವೆಸಿ ಹಾಕೋ ತನಕ ಹರಿತ ನಿಲ್ಲಲ್ಲ. ಸ್ಪೀಡ್ ಕಮ್ಮಿ ಇಟ್ಟು ಆಗಾಗ ನೀರಲ್ಲಿ ಅದ್ದುತ್ತಾ ಇರಿ.

ಅಡುಗೆಮನೆ ಚಾಕುಗೆ ಇದನ್ನೆಲ್ಲಾ ಮಾಡೋ ಅಗತ್ಯ ನನಗೆ ಕಾಣಲ್ಲ, ಎರಡು ಮಿಮೀ ಅಲಗಲ್ಲಿ ದುಂಡು ಮಾಡೋಕೆ ಭುಜಾನೇ ಅಷ್ಟಾಗಿ ಇರಲ್ಲ, ಚಪ್ಪಟೆ 15 ಡಿಗ್ರಿ ಇಟ್ಟು ಟೊಮ್ಯಾಟೊ ಕತ್ತರಿಸ್ಕೊಳ್ಳಿ. ಮಚ್ಚಿಗೆ, ಕೊಡಲಿಗೆ ಖಂಡಿತ ಮಾಡಿ, ಆದ್ರೆ ಅವು ನಿಮ್ಮ ಜಿಗ್‌ಗೆ ಹಿಡಿಯಲ್ಲ, ವಾಟರ್ ಪೇಪರನ್ನ ರಬ್ಬರ್ ತುಂಡಿಗೆ ಸುತ್ತಿ ಅಲಗಿನ ಮೇಲೆ ಆಡಿಸ್ಬೇಕು. ಒಮ್ಮೆ ಕರ್ವ್ ಕೂತ ಮೇಲೆ ಜಿಗ್ ಹೊರಗೆ ತೆಗೆಯೋದು ಬಾಯಿ ಚಿಪ್ ಆದಾಗ ಮಾತ್ರ, ಅಲ್ಲಿವರೆಗೂ ಪ್ರತಿ ಟ್ರೆಕ್ ಮುಗಿದ ಮೇಲೆ 1500, 2000 ಪೇಪರ್, ಆಮೇಲೆ ಬೆಲ್ಟ್, ಇಷ್ಟೇ ಸಾಕು.