ಹೊರಗಿನ ಚೈನ್ ಕಿಟ್ ತಂದವರನ್ನ ವಾಪಸ್ ಕಳಿಸಬೇಡಿ

ಸರ್, ಗಿರಾಕಿಗಳು ಆನ್‌ಲೈನ್‌ನಲ್ಲಿ ಬೈಕಿನ ಚೈನ್ ಸ್ಪ್ರಾಕೆಟ್ ಕಿಟ್ (ಚೈನ್, ಅದು ಓಡೋ ಎರಡು ಹಲ್ಲಿನ ಚಕ್ರ) ತರಿಸಿ ನಿಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬರೀ ಫಿಟ್ಟಿಂಗ್‌ಗೆ ಬರ್ತಾರೆ, ಆಗಲ್ಲ ಅಂದುಬಿಡಲಾ ಅಂತ ಕೇಳಿದ್ದೀರಿ. ಅನ್ನಬೇಡಿ. ಕಿಟ್ ಲಾಭ ಹೋಯ್ತು ಅಂತ ಕೂಲಿಯನ್ನೂ ಯಾಕೆ ಬಿಡ್ತೀರಿ? ಎರಡು ದರದ ಬೋರ್ಡ್ ಹಾಕಿ: ನಿಮ್ಮಲ್ಲೇ ಕೊಂಡರೆ ಕಮ್ಮಿ ಕೂಲಿ, ಹೊರಗಿನ ಮಾಲಿಗೆ ಪೂರ್ತಿ ಕೂಲಿ, ಮಾಲಿಗೆ ಗ್ಯಾರಂಟಿ ಇಲ್ಲ.

ಗಾಡಿಗೆ ಸ್ಪ್ಯಾನರ್ ಹಾಕೋ ಮೊದಲು ಅವರೆದುರೇ ಬಾಕ್ಸ್ ಬಿಚ್ಚಿ. ಎರಡೂ ಸ್ಪ್ರಾಕೆಟ್‌ಗಳ ಹಲ್ಲು, ಚೈನ್ ಲಿಂಕ್ ಎಣಿಸಿ, ಹಿಂಚಕ್ರದ ಸ್ಪ್ರಾಕೆಟ್ ಬೋಲ್ಟ್ ತೂತು ಗಾಡಿಗೆ ತಾಳೆ ಆಗುತ್ತಾ ನೋಡಿ. ಚೈನ್ ಮೇಲೆ 428 ಅಂತಿದ್ದರೆ ಸಾಲದು. ಅದು ಪಿಚ್ (ಒಂದು ಪಿನ್ನಿಂದ ಮುಂದಿನ ಪಿನ್ನಿಗೆ ಇರೋ ಅಂತರ), ಅಗಲ ಹೇಳುತ್ತೆ, ಉದ್ದ ಹೇಳಲ್ಲ. ಎರಡು ಲಿಂಕ್ ಕಮ್ಮಿ ಬಂದರೆ ಆಕ್ಸಲ್ ಜಾಗಕ್ಕೆ ಬರದೇ ಹೋಗಬಹುದು. ಗ್ರೀಸ್ ಮೆತ್ತಿದ ಮೇಲೆ ರಿಟರ್ನ್ ಕಷ್ಟ, ಜಗಳ ನಿಮ್ಮ ಜೊತೆಗೇ.

ಹೇಗೂ ಹಿಂದಿನ ಚಕ್ರ ಬಿಚ್ಚಿರುತ್ತೆ. ಹಬ್ ರಬ್ಬರ್, ಅಂದರೆ ಚಕ್ರದ ನಡುಭಾಗದಲ್ಲಿ ಎಳೆತದ ಹೊಡೆತ ತಡೆಯೋ ರಬ್ಬರ್ ತುಂಡುಗಳು, ಸವೆದಿದ್ದರೆ ಸ್ಪ್ರಾಕೆಟ್ ಹಿಂದೆ ಮುಂದೆ ಆಡುತ್ತೆ, ಅದನ್ನ ಗಿರಾಕಿ ಕೈಯಲ್ಲೇ ಅಲ್ಲಾಡಿಸಿ ತೋರಿಸಿ. ಹಾಗೇ ಬಿಟ್ಟರೆ ಹೊಸ ಕಿಟ್ ಹಾಕಿದರೂ ಗಾಡಿ ಜರ್ಕ್ ಹೊಡೆಯುತ್ತೆ. ರಬ್ಬರ್, ಬ್ರೇಕ್ ಶೂ, ಬೇರಿಂಗ್ ಆಗಲೇ ಕೈಗೆ ಸಿಗಬೇಕು, ಬೆಂಗಳೂರು ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಮಾರ್ಕೆಟ್‌ನಿಂದ ತರಿಸೋವಾಗ ನಿಮ್ಮೂರಲ್ಲಿ ಓಡೋ ನಾಲ್ಕೈದು ಮಾಡೆಲ್‌ಗಳದ್ದು ಇಟ್ಟುಕೊಂಡರೆ ಸಾಕು.

ಹೆಲ್ಮೆಟ್, ಮೊಬೈಲ್ ಹೋಲ್ಡರ್‌ಗಳಲ್ಲಿ ಆನ್‌ಲೈನ್ ರೇಟಿಗೆ ಪೈಪೋಟಿ ಬೇಡ, ದುಡ್ಡು ಸುಮ್ಮನೆ ಸಿಕ್ಕಿಹಾಕಿಕೊಳ್ಳುತ್ತೆ. ಇನ್ನು ಪಾರ್ಟ್ಸ್ ವಿಷಯ: ಬಿಎಸ್6 (ಗಾಡಿ ಹೊಗೆ ಮಿತಿಯ ಸರ್ಕಾರಿ ನಿಯಮ) ಬಂದಮೇಲೆ, ಅಂದರೆ 2020ರ ಏಪ್ರಿಲ್‌ನಿಂದ, ಎಷ್ಟೋ ಗಾಡಿಗಳದ್ದು ಹೆಸರು ಅದೇ ಇದ್ದರೂ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂದಿದೆ. ಫಿಲ್ಟರ್, ಸೆನ್ಸರ್ ತಪ್ಪಾಗಿ ತರಿಸೋರು ಇಲ್ಲೇ ಜಾಸ್ತಿ. ಚಾಸಿಸ್ ನಂಬರ್, ಪಾರ್ಟ್ ನಂಬರ್ ಬರೆದಿಡೋ ಒಂದು ಪುಸ್ತಕ ಮಾಡಿ.