ಎಂಟು ತಿಂಗಳಿಗೇ ನನ್ನ ಬೇಸ್ ಗಿಟಾರ್ ಸಪ್ಪೆ ಅನ್ನಿಸುತ್ತಿದೆ, ಐದು ತಂತಿಯದು ಕೊಳ್ಳಲೇ?

ನಿಮ್ಮ ಪ್ರಶ್ನೆ ಇಷ್ಟು: ಎಂಟು ತಿಂಗಳಿಂದ ಬೇಸ್ ಕಲಿಯುತ್ತಿದ್ದೀರಿ. ಇರುವುದು ಕಲಿಯುವವರಿಗೆಂದೇ ಮಾಡಿದ ನಾಲ್ಕು ತಂತಿಯ ಬೇಸ್, ಜೊತೆಗೆ ಒಂದು ಸಣ್ಣ ಆ್ಯಂಪ್. ಸದ್ದು ಸಪ್ಪೆ ಅನ್ನಿಸುತ್ತಿದೆ. ಐದು ತಂತಿಯ ಆಕ್ಟಿವ್ (ಬ್ಯಾಟರಿ ಬಳಸುವ) ಬೇಸ್ ತಗೊಂಡು, ಒಂದೆರಡು ಪೆಡಲ್ (ಕಾಲಿನಿಂದ ಒತ್ತುವ ಡಬ್ಬಿ) ಸೇರಿಸುವ ಆಸೆ. ರಾತ್ರಿ ಹೊತ್ತು ನುಡಿಸುವುದಕ್ಕಿಂತ ರಿವ್ಯೂ ವಿಡಿಯೋ ನೋಡುವುದೇ ಜಾಸ್ತಿ ಆಗಿದೆ, ಇದು ನನಗೊಬ್ಬನಿಗೇನಾ ಅಂತಲೂ ಕೇಳಿದ್ದೀರಿ.

ನಿಮಗೊಬ್ಬರಿಗೇ ಅಲ್ಲ. ನಾನು ಹದಿನಾಲ್ಕು ವರ್ಷದಿಂದ ನುಡಿಸುತ್ತಿದ್ದೇನೆ. ಈಗಲೂ ಒಳ್ಳೆಯ ಬೇಸ್ ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಮರದ ಬಣ್ಣ, ನೆಕ್‌ನ (ಎಡಗೈ ಓಡಾಡುವ ಉದ್ದನೆಯ ಕತ್ತಿನ) ನುಣುಪು, ಹೆಗಲಿಗೆ ಬೀಳುವ ತೂಕ, ಇವೆಲ್ಲ ಈ ಹವ್ಯಾಸದ ಸುಖವೇ. ಆದರೆ ‘ಸಪ್ಪೆ’ ಅನ್ನುವ ಒಂದೇ ಮಾತನ್ನು ನಂಬಿ ಹೊಸ ಬೇಸ್ ಕೊಳ್ಳಬೇಡಿ. ಆ ಮಾತಿನ ಒಳಗೆ ಐದಾರು ಬೇರೆ ಬೇರೆ ದೂರುಗಳು ಅಡಗಿರುತ್ತವೆ. ನಿಮ್ಮದು ಯಾವುದು ಅಂತ ಗೊತ್ತಾದರೆ, ಏನು ಕೊಳ್ಳಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಎಷ್ಟೋ ಸಲ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಮೊದಲು ತಂತಿ ನೋಡಿ. ಎಂಟು ತಿಂಗಳಲ್ಲಿ ಒಮ್ಮೆಯೂ ಬದಲಾಯಿಸಿಲ್ಲ ಅಲ್ವಾ? ಬೇಸ್ ಜೊತೆ ಬರುವುದು ಸಾಮಾನ್ಯವಾಗಿ ರೌಂಡ್‌ವೌಂಡ್ ತಂತಿ, ಅಂದರೆ ಮೇಲೆ ದುಂಡು ತಂತಿ ಸುತ್ತಿದ್ದು. ಅದರ ಸುರುಳಿಗಳ ಸಂದಿಯಲ್ಲಿ ಬೆವರು, ಚರ್ಮದ ಎಣ್ಣೆ ಸೇರಿಕೊಂಡು ಮೇಲಿನ ಹೊಳಪಿನ ಸದ್ದು ಸತ್ತುಹೋಗುತ್ತದೆ. ಹೊಸ ಸೆಟ್ ಹಾಕಿ ನೋಡಿ. 45ರಿಂದ 105ರ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಪಾಲಿನಲ್ಲಿ) ಹೆಚ್ಚಿನವರಿಗೆ ಹೊಂದುತ್ತದೆ. ನಿಮಗೆ ಬೇಕಿರುವುದು ಹೊಳಪಲ್ಲ, ದುಂಡನೆಯ ಹಳೇ ಕಾಲದ ಸದ್ದು ಅಂತಾದರೆ ಫ್ಲಾಟ್‌ವೌಂಡ್ (ಮೇಲೆ ಚಪ್ಪಟೆ ತಂತಿ ಸುತ್ತಿದ್ದು) ಹಾಕಿ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಫೆಂಡರ್ ಕಂಪನಿಯ 1962ರ ಒಂದು ಪ್ರಿಸಿಷನ್ ಬೇಸ್ ಮೇಲೆ ದಪ್ಪ ಫ್ಲಾಟ್‌ವೌಂಡ್ ಹಾಕಿ, ತೋರುಬೆರಳು ಒಂದರಲ್ಲೇ ಮೀಟುತ್ತಿದ್ದರು. ತಂತಿ ತುಂಡಾಗುವ ತನಕ ಬದಲಾಯಿಸುತ್ತಿರಲಿಲ್ಲ. ಹಾಗಾಗಿ ಹಳೇ ತಂತಿ ಕೆಟ್ಟದ್ದು ಅಂತ ಏನಿಲ್ಲ. ನಿಮ್ಮ ಕಿವಿ ಏನು ಕೇಳುತ್ತಿದೆ ಅನ್ನುವುದೇ ಮುಖ್ಯ. ತಂತಿ ಬದಲಾಯಿಸುವುದರಿಂದ ಆಗುವ ವ್ಯತ್ಯಾಸ, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಬದಲಾಯಿಸುವುದರಿಂದ ಆಗುವುದಕ್ಕಿಂತ ದೊಡ್ಡದು ಅನ್ನುವುದು ನನ್ನ ಅನುಭವ.

ಎರಡನೆಯದು ಸೆಟಪ್, ಅಂದರೆ ನೆಕ್, ತಂತಿಗಳನ್ನು ಹದಕ್ಕೆ ತರುವುದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ಮೊದಲ ಬೇಸನ್ನು ಇದೊಂದು ಗೊತ್ತಿಲ್ಲದೆ ಮಾರಿಬಿಡುತ್ತಿದ್ದೆ.

ನಾಲ್ಕು ತಂತಿಗಳ ಹೆಸರು ದಪ್ಪದಿಂದ ಸಣ್ಣಕ್ಕೆ ಇ, ಎ, ಡಿ, ಜಿ. ಅದರ ಎ ತಂತಿಯ ಮೂರನೇ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿದರೆ ಝರ್ ಅನ್ನುತ್ತಿತ್ತು. ಇ ತಂತಿಯ ಮೊದಲ ನಾಲ್ಕು ಫ್ರೆಟ್‌ಗಳಲ್ಲೂ ಅದೇ ಕಥೆ. ಅಗ್ಗದ ಬೇಸ್ ಅಂದರೆ ಹೀಗೇ ಇರುತ್ತದೆ ಅಂದುಕೊಂಡಿದ್ದೆ. ಪರಿಚಯದ ಹಿರಿಯ ವಾದಕರೊಬ್ಬರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡರು. ಒಂದು ಕಣ್ಣು ಮುಚ್ಚಿ, ತಲೆಯ ಕಡೆಯಿಂದ ನೆಕ್‌ನ ಉದ್ದಕ್ಕೂ ನೋಡಿದರು. ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿದು, ಏಳನೇ ಫ್ರೆಟ್ ಹತ್ತಿರ ನೋಡು ಅಂದರು. ತಂತಿಗೂ ಫ್ರೆಟ್‌ಗೂ ನಡುವೆ ಸಂದಿಯೇ ಇರಲಿಲ್ಲ. ಅಲ್ಲಿ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಜಾಗ ಬೇಕು. ಅಲೆನ್ ಕೀ ತಗೊಂಡು ಟ್ರಸ್ ರಾಡನ್ನು (ನೆಕ್ ಒಳಗಿನ, ಅದರ ಬಾಗು ಹಿಡಿದಿಡುವ ಲೋಹದ ಸಲಾಕೆಯನ್ನು) ಕಾಲು ಸುತ್ತು ಸಡಿಲಿಸಿದರು, ಅಷ್ಟೇ. ಮತ್ತೆ ಶ್ರುತಿ ಮಾಡಿ ಕೈಗೆ ಕೊಟ್ಟರು. ಅದೇ ಮೂರನೇ ಫ್ರೆಟ್ ಒತ್ತಿ ಮೀಟಿದೆ. ಎದೆಗೆ ಒತ್ತಿಕೊಂಡಿದ್ದ ಮರ ಪೂರ್ತಿ ನಡುಗಿತು. ಆರು ತಿಂಗಳಿಂದ ಆ ಸ್ವರ ಅದರೊಳಗೇ ಇತ್ತು.

ನೀವೂ ಹೀಗೇ ಪರೀಕ್ಷೆ ಮಾಡಿ. ಹವೆಯಲ್ಲಿ ತೇವ ಹೆಚ್ಚುಕಡಿಮೆ ಆದಂತೆ ನೆಕ್ ಬಾಗುತ್ತದೆ, ಹೊಸ ಬೇಸ್ ಆದರೂ ಬಾಗುತ್ತದೆ. ಟ್ರಸ್ ರಾಡ್ ತಿರುಗಿಸುವಾಗ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಬಿಗಿ ಅನ್ನಿಸಿದರೆ ಬಲ ಹಾಕದೆ ಗೊತ್ತಿರುವವರ ಕೈಗೆ ಕೊಡಿ. ಅದಾದ ಮೇಲೆ ಹನ್ನೆರಡನೇ ಫ್ರೆಟ್ ಹತ್ತಿರ ತಂತಿ ಎಷ್ಟು ಎತ್ತರ ಇದೆ ನೋಡಿ. ಎರಡರಿಂದ ಎರಡೂವರೆ ಮಿಲಿಮೀಟರ್ ಇದ್ದರೆ ಕೈಗೆ ಹಿತ. ಕೊನೆಯಲ್ಲಿ ಅದೇ ಹನ್ನೆರಡನೇ ಫ್ರೆಟ್ ಮೇಲೆ ಸುಮ್ನೆ ಬೆರಳು ತಾಗಿಸಿ ಹಾರ್ಮೋನಿಕ್ ನುಡಿಸಿ, ಆಮೇಲೆ ಒತ್ತಿ ನುಡಿಸಿ. ಟ್ಯೂನರ್ ಎರಡಕ್ಕೂ ಒಂದೇ ತೋರಿಸಬೇಕು. ಒತ್ತಿದ್ದು ಏರಿದ್ದರೆ ಬ್ರಿಡ್ಜ್‌ನ (ತಂತಿಯ ಕೆಳತುದಿ ಕೂರುವ ಭಾಗದ) ಸ್ಯಾಡಲ್, ಅಂದರೆ ತಂತಿ ಒರಗುವ ತುಂಡು, ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಅರ್ಧ ದಿನದ ಕೆಲಸ, ಒಮ್ಮೆ ಕಲಿತರೆ ಮುಂದೆ ಕೊಳ್ಳುವ ಎಲ್ಲ ಬೇಸ್‌ಗೂ ಆಗುತ್ತದೆ.

ಇನ್ನು ಮೂರನೆಯದು. ಇದು ಕೈಯ ವಿಷಯ. ನನ್ನ ಪ್ರಕಾರ ನಿಮ್ಮ ದೂರಿನ ಬಹುಪಾಲು ಇಲ್ಲೇ ಇದೆ.

ಎರಡನೇ ವರ್ಷ ನನಗೂ ನನ್ನ ಸದ್ದು ಕೆಸರು ಕೆಸರು ಅನ್ನಿಸುತ್ತಿತ್ತು. ಆ್ಯಂಪ್ ಬದಲಾಯಿಸಿದೆ, ಹೋಗಲಿಲ್ಲ. ಒಂದು ರಾತ್ರಿ ಡ್ರಮ್ ಟ್ರ್ಯಾಕ್ ಹಾಕಿಕೊಂಡು ಎಂಟು ಬಾರ್ (ತಾಳದ ಆವರ್ತ) ನುಡಿಸಿ, ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿ ಕೇಳಿದೆ. ನಾನು ಡಿ ತಂತಿಯ ಮೇಲೆ ಸ್ವರ ಹಿಡಿದಿದ್ದೇನೆ, ಅದರ ಅಡಿಯಲ್ಲಿ ಒತ್ತದೆ ಬಿಟ್ಟ ಎ ತಂತಿ ಗುಂಯ್ ಅಂತ ತನ್ನಷ್ಟಕ್ಕೆ ಮೊಳಗುತ್ತಿದೆ. ಡ್ರಮ್ ನಿಲ್ಲುವ ಕಡೆ ನನ್ನ ಸ್ವರ ನಿಲ್ಲುತ್ತಿಲ್ಲ, ಅರ್ಧ ತಾಳ ಮುಂದಕ್ಕೆ ಚೆಲ್ಲಿಕೊಂಡಿದೆ. ನುಡಿಸುವಾಗ ಇದು ನನಗೆ ಕೇಳಿಸಿರಲೇ ಇಲ್ಲ. ಅಲ್ಲಿಯವರೆಗೂ ಸ್ವರ ಎಲ್ಲಿ ಶುರುವಾಗಬೇಕು ಅಂತ ಮಾತ್ರ ಕಲಿತಿದ್ದೆ. ಎಲ್ಲಿ ಮುಗಿಯಬೇಕು ಅಂತ ಯೋಚಿಸಿಯೇ ಇರಲಿಲ್ಲ.

ಆಮೇಲೆ ಒಂದು ತಿಂಗಳು ಒಂದೇ ಅಭ್ಯಾಸ ಮಾಡಿದೆ. ಮೆಟ್ರೋನೋಮ್ (ತಾಳ ಹಾಕುವ ಯಂತ್ರ) ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು, ಒಂದು ಪೆಟ್ಟಿಗೆ ಸ್ವರ, ಮುಂದಿನ ಪೆಟ್ಟಿಗೆ ಸರಿಯಾಗಿ ಮೌನ. ಎಡಗೈ ಬೆರಳನ್ನು ತಂತಿಯಿಂದ ಪೂರ್ತಿ ಎತ್ತಬಾರದು, ಒತ್ತುವುದನ್ನು ಮಾತ್ರ ಬಿಡಬೇಕು. ಬಲಗೈ ಹೆಬ್ಬೆರಳು ಪಿಕಪ್ ಮೇಲೆ ಕೂತೇ ಇರಬಾರದು. ಎ ತಂತಿ ಮೀಟುವಾಗ ಇ ಮೇಲೆ ಇಳಿಯಬೇಕು, ಡಿ ಮೀಟುವಾಗ ಎ ಮೇಲೆ ಕೂತು ಬದಿಯಿಂದ ಇ ತಂತಿಯನ್ನೂ ತಾಗಿರಬೇಕು. ಮೀಟಿದ ಬೆರಳು ಗಾಳಿಗೆ ಹಾರದೆ ಪಕ್ಕದ ತಂತಿಯ ಮೇಲೆ ಬಂದು ನಿಲ್ಲಬೇಕು. ಮೊದಲ ವಾರ ಕಿರಿಕಿರಿ ಆಗುತ್ತದೆ. ಆಮೇಲೆ ಅದೇ ಬೇಸ್, ಅದೇ ಆ್ಯಂಪ್, ಸದ್ದಿಗೆ ಅಂಚು ಬರುತ್ತದೆ.

ಮೀಟುವ ಜಾಗವನ್ನೂ ಬದಲಾಯಿಸಿ ನೋಡಿ. ಬ್ರಿಡ್ಜ್ ಹತ್ತಿರ ಮೀಟಿದರೆ ಬಿಗಿಯಾದ, ಚುರುಕು ಸದ್ದು. ನೆಕ್ ಕಡೆ ಬಂದಷ್ಟೂ ದುಂಡಗೆ, ತುಂಬಿಕೊಂಡು ಬರುತ್ತದೆ. ಒಂದು ಗೇಣಿನೊಳಗೆ ಮೂರು ಬೇಸ್ ಇವೆ.

ಈಗ ಆ್ಯಂಪ್ ವಿಷಯ. ಒತ್ತದ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ನಮ್ಮ ಕಿವಿ ಇಷ್ಟು ತಗ್ಗಿನ ಸದ್ದಿಗೆ ಬಹಳ ಮಂದ. ಎಂಟು ಇಂಚಿನ ಸ್ಪೀಕರ್ ಅದನ್ನು ಗಟ್ಟಿಯಾಗಿ ಹೊರಡಿಸಲಾರದು. ನೀವು ಕೇಳುತ್ತಿರುವುದು ಹೆಚ್ಚಾಗಿ ಅದರ ಮೇಲಿನ ಉಪಸ್ವರಗಳು, ಕೆಳಗಿನದ್ದನ್ನು ಮೆದುಳು ತುಂಬಿಕೊಳ್ಳುತ್ತದೆ. ರಿವ್ಯೂ ವಿಡಿಯೋಗಳನ್ನು ಫೋನಿನಲ್ಲಿ ಕೇಳಿ ಎರಡು ಬೇಸ್ ಹೋಲಿಸಬೇಡಿ ಅನ್ನುವುದು ಇದಕ್ಕೇ. ಸದ್ದು ಸಾಲದು ಅಂತ ಆ್ಯಂಪ್‌ನ ‘ಬೇಸ್’ (ತಗ್ಗಿನ ಸದ್ದಿನ) ಗುಂಡಿ ಪೂರ್ತಿ ತಿರುಗಿಸಿದರೆ ಸ್ಪೀಕರ್ ಒದ್ದಾಡುತ್ತದೆ, ಸ್ವರ ಮುದ್ದೆಯಾಗುತ್ತದೆ. ಅದನ್ನು ನಡುವಿಗೆ ತಂದು ಮಿಡ್ (ತಗ್ಗೂ ಅಲ್ಲದ, ತಾರವೂ ಅಲ್ಲದ ನಡುವಿನ ಸದ್ದು) ಸ್ವಲ್ಪ ಏರಿಸಿ. ಒಬ್ಬರೇ ಕೂತು ಕೇಳುವಾಗ ಒರಟು ಅನ್ನಿಸಬಹುದು, ಆದರೆ ಡ್ರಮ್, ಗಿಟಾರ್ ಸೇರಿದಾಗ ಬೇಸ್ ಕೇಳಿಸುವುದೇ ಮಿಡ್‌ನಿಂದ. ರೂಮಿನ ಅಭ್ಯಾಸಕ್ಕೆ ನಿಮ್ಮ ಸಣ್ಣ ಆ್ಯಂಪ್ ಸಾಕು. ಡ್ರಮ್ ಬಾರಿಸುವವರ ಪಕ್ಕ ನಿಲ್ಲುವ ದಿನ ಬಂದಾಗ ದೊಡ್ಡದು ನೋಡಿ.

ಐದು ತಂತಿಯದನ್ನು ನಾನೂ ಬೇಗ ಕೊಂಡೆ, ಬೇಗ ಮಾರಿದೆ. ಕೆಳಗಿನ ಬಿ ತಂತಿ ಸುಮಾರು 31 ಹರ್ಟ್ಸ್. ನನ್ನ ಆ್ಯಂಪ್‌ನಲ್ಲಿ ಅದು ಸ್ವರವಾಗಿ ಬರುತ್ತಲೇ ಇರಲಿಲ್ಲ, ಗೊರಗೊರ ಅನ್ನುತ್ತಿತ್ತು. ತಂತಿಗಳ ನಡುವಿನ ಜಾಗ ಕಿರಿದು. ಸುಮ್ಮನಿರಿಸಬೇಕಾದ ತಂತಿ ಇನ್ನೊಂದು. ನಾಲ್ಕನ್ನೇ ಸುಮ್ಮನಿರಿಸಲು ಬಾರದ ಕೈಗೆ ಅದು ಕಷ್ಟ ಹೆಚ್ಚಿಸಿತು. ನೀವು ನುಡಿಸುವ ಹಾಡುಗಳು ಇ ಸ್ವರಕ್ಕಿಂತ ಕೆಳಗೆ ಇಳಿಯುತ್ತವೆಯೇ ನೋಡಿ. ಅಪರೂಪಕ್ಕೆ ಡಿ ಬೇಕಾದರೆ ಇ ತಂತಿಯನ್ನೇ ಒಂದು ಸ್ವರ ಇಳಿಸಿ ನುಡಿಸಬಹುದು. ವಾರಕ್ಕೆ ನಾಲ್ಕು ಹಾಡಿನಲ್ಲಿ ಡಿ, ಸಿ, ಬಿ ಬೇಕಾಗುತ್ತಿದ್ದರೆ ಧೈರ್ಯವಾಗಿ ಐದು ತಂತಿಯದು ತಗೊಳ್ಳಿ. ಆಗ ಅದು ಸರಿಯಾದ ಸಾಮಾನು.

ಆಕ್ಟಿವ್ ಅಂದರೆ ಬೇಸ್ ಒಳಗೇ ಬ್ಯಾಟರಿಯಿಂದ ನಡೆಯುವ ಪ್ರೀಆ್ಯಂಪ್ ಇದೆ ಅಂತ ಅರ್ಥ, ಅಷ್ಟೇ. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಇಂಥ ಬೇಸ್‌ಗಳನ್ನು ಜನಪ್ರಿಯ ಮಾಡಿತು. ಅದು ಬೇರೆ ರುಚಿ, ಮೇಲಿನ ದರ್ಜೆ ಅಲ್ಲ. 1951ರಲ್ಲಿ ಬಂದ ಪ್ರಿಸಿಷನ್ ಬೇಸ್‌ನಲ್ಲಿ ಇದ್ದದ್ದು ಒಂದು ಪಿಕಪ್, ಒಂದು ವಾಲ್ಯೂಮ್, ಒಂದು ಟೋನ್. ಫ್ರೆಟ್ ಇರುವುದರಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತದೆ ಅಂತಲೇ ಆ ಹೆಸರು. ಆ ಸರಳ ವ್ಯವಸ್ಥೆ ಇವತ್ತಿಗೂ ನಡೆಯುತ್ತಿದೆ. ಮುಂದೆ ಆಕ್ಟಿವ್ ಕೊಂಡರೆ ನುಡಿಸಿದ ಮೇಲೆ ಕೇಬಲ್ ತೆಗೆದಿಡಿ. ಸಿಕ್ಕಿಸಿಯೇ ಇಟ್ಟರೆ ಬ್ಯಾಟರಿ ಖಾಲಿಯಾಗುತ್ತಾ ಇರುತ್ತದೆ.

ಪೆಡಲ್‌ಗಳಲ್ಲಿ ಟ್ಯೂನರ್ ಒಂದು ಸಾಕು ಸದ್ಯಕ್ಕೆ. ಕಂಪ್ರೆಸರ್ (ಜೋರು, ಮೆಲು ಸದ್ದಿನ ಅಂತರ ತಗ್ಗಿಸುವ ಪೆಡಲ್) ಒಳ್ಳೆಯದೇ, ಆದರೆ ಎರಡು ಬೆರಳೂ ಒಂದೇ ಬಲದಲ್ಲಿ ಮೀಟುವುದು ಕೂಡಿಬಂದ ಮೇಲೆ ತನ್ನಿ.

ಕೊಳ್ಳಲೇಬೇಕು ಅನ್ನಿಸಿದರೆ ನಾನು ಮೊದಲು ಹೇಳುವುದು ಕಿವಿ ಪೂರ್ತಿ ಮುಚ್ಚುವ ಒಳ್ಳೆಯ ಹೆಡ್‌ಫೋನ್. ನನ್ನ ನುಡಿಸುವ ರೀತಿಯನ್ನು ಅದರಷ್ಟು ಬದಲಿಸಿದ ಸಾಮಾನು ಇನ್ನೊಂದಿಲ್ಲ. ಕೆಳಗಿನ ಸ್ವರ ನಿಜಕ್ಕೂ ಕೇಳುತ್ತದೆ, ತಪ್ಪೂ ಕೇಳುತ್ತದೆ. ಆಮೇಲೆ ಅಗಲದ ಚರ್ಮದ ಬೆಲ್ಟ್. ನಾಲ್ಕು ಕೆ.ಜಿ. ಹೆಗಲ ಮೇಲೆ ಗಂಟೆಗಟ್ಟಲೆ ಇರುತ್ತದೆ.

ಎಡಗೈ ಚಾಚಿ ಚಾಚಿ ನೋವು ಬರುತ್ತಿದ್ದರೆ ಮಾತ್ರ ಬೇರೆ ಬೇಸ್ ಬೇಗ ನೋಡಿ, ಅದೂ 30 ಇಂಚಿನ ಶಾರ್ಟ್ ಸ್ಕೇಲ್, ಅಂದರೆ ತಂತಿಯ ನುಡಿಯುವ ಭಾಗ ಗಿಡ್ಡ ಇರುವುದು. ಸಾಮಾನ್ಯ ಬೇಸ್ 34 ಇಂಚು. ಅದೇ ತಂತಿ, ಅದೇ ಶ್ರುತಿಗೆ ಇಲ್ಲಿ ಬಿಗಿ ಐದರಲ್ಲೊಂದು ಪಾಲಿಗಿಂತ ತುಸು ಜಾಸ್ತಿಯೇ ಕಡಿಮೆ, ಫ್ರೆಟ್‌ಗಳೂ ಹತ್ತಿರ ಹತ್ತಿರ. ಚಿಕ್ಕವರಿಗೆ ಮಾತ್ರ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಯಾವುದೇ ಬೇಸ್ ಕೊಳ್ಳುವ ಮುಂಚೆ ಆ್ಯಂಪ್‌ಗೆ ಸಿಕ್ಕಿಸದೆ ಪ್ರತಿ ತಂತಿಯ ಪ್ರತಿ ಫ್ರೆಟ್ ಒತ್ತಿ ಕೇಳಿ. ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಸುತ್ತ ಕೆಲವು ಬೇಸ್‌ಗಳಲ್ಲಿ ಸ್ವರ ಹುಟ್ಟಿದ ಕೂಡಲೇ ಸಾಯುತ್ತದೆ. ಬೆಲ್ಟ್ ಹಾಕಿ ನಿಂತು ಎರಡೂ ಕೈ ಬಿಡಿ. ತಲೆಯ ಭಾಗ ನೆಲದ ಕಡೆ ಜಾರಿದರೆ ಆ ಭಾರ ಎಡಗೈ ಹೊರಬೇಕಾಗುತ್ತದೆ. ಜಾಝ್ ಬೇಸ್ ಥರದ್ದಾದರೆ ಎರಡು ಪಿಕಪ್‌ಗಳಲ್ಲಿ ಒಂದನ್ನು ಪೂರ್ತಿ ಇಳಿಸಿದಾಗ ಬರುವ ಹಮ್ ದೋಷ ಅಲ್ಲ, ಅದರ ಸ್ವಭಾವ. ಎರಡನ್ನೂ ಪೂರ್ತಿ ಏರಿಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಅಲ್ಲಿಯವರೆಗೆ ಹೊಸ ತಂತಿ ಹಾಕಿ, ನೆಕ್ ನೋಡಿ, ಎಂಟು ಬಾರ್ ರೆಕಾರ್ಡ್ ಮಾಡಿ ಕೇಳಿ. ಯಾವ ತಂತಿ, ಯಾವ ಫ್ರೆಟ್‌ನಲ್ಲಿ ಸಪ್ಪೆ ಅಂತ ಬರೆದು ತಿಳಿಸಿದರೆ ಇನ್ನೂ ಖಚಿತವಾಗಿ ಹೇಳುತ್ತೇನೆ.