ಅಪ್ಪ ಅಮ್ಮನನ್ನು ಬಿಡಬೇಕಾ?

ಬೈಬಲಿನ ಲೂಕ 14:26 ಓದಿ, ಯೇಸುವಿನ ಶಿಷ್ಯರಾಗಲು ಹೆತ್ತವರನ್ನು ಹಗೆ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ. ಅದೇ ಮಾತು ಮತ್ತಾಯ 10:37ರಲ್ಲಿ 'ನನಗಿಂತ ಹೆಚ್ಚಾಗಿ ಪ್ರೀತಿಸುವವನು' ಅಂತ ಬಿಡಿಸಿ ಬಂದಿದೆ. ಅಪ್ಪ ಅಮ್ಮನಿಗೆ ಕೊಡಬೇಕಾದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮುಡಿಪು ಅಂತ ಹೇಳಿ ಜಾರಿಕೊಳ್ಳುವವರನ್ನು ಮಾರ್ಕ 7ರಲ್ಲಿ ಯೇಸುವೇ ತರಾಟೆಗೆ ತೆಗೆದುಕೊಳ್ಳುತ್ತಾರೆ.

ಹಾಗಂತ ಶಿಷ್ಯರಾಗುವುದು ಸಲೀಸಲ್ಲ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕು ಅಂತ ಲೂಕ 14ರಲ್ಲೇ ಮುಂದೆ ಇದೆ. (ಪಿಲ್ಲರ್ ಎದ್ದು, ಕಂಬಿ ತುಕ್ಕು ಹಿಡಿದು ನಿಂತ ಮನೆ ನೋಡಿದ್ದೀರಲ್ವಾ?) ಹಿಟ್ಲರನನ್ನು ವಿರೋಧಿಸುತ್ತಿದ್ದ ಜರ್ಮನಿಯ ಪಾದ್ರಿ ಬೋನ್‌ಹೋಫರ್ 1939ರಲ್ಲಿ ನ್ಯೂಯಾರ್ಕಿನಲ್ಲಿ ಸುಮ್ನೆ ಇದ್ದುಬಿಡಬಹುದಿತ್ತು, ಲೆಕ್ಕ ಹಾಕಿಯೇ ಹಡಗು ಹತ್ತಿ ವಾಪಸ್ ಹೋದರು. 1945ರ ಏಪ್ರಿಲ್ 9ರಂದು ನಾಜಿಗಳು ಗಲ್ಲಿಗೇರಿಸಿದರು. ಜೈಲಿನಿಂದಲೂ ಅಪ್ಪ ಅಮ್ಮನಿಗೆ ಕಾಗದ ಬರೆಯುತ್ತಿದ್ದರು.